ಚೆಟ್ರಿ ಇನ್ನೂ ಬೇಕಾ? ಗೋಲು ಎಣಿಸುವ ಮೊದಲು ನಿಮಿಷ ಎಣಿಸಿ

ಮೈಸೂರಿನಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್ ನೋಡುವವರು ನಾಲ್ಕು ಜನ ಸೇರಿದರೆ ಎರಡು ಪಕ್ಷ ಆಗೋದು ಒಂದೇ ವಿಷಯಕ್ಕೆ. ಸರಸ್ವತಿಪುರಂನ ಟೀ ಅಂಗಡಿ ಮುಂದಾಗಲಿ, ಬೆಂಗಳೂರಿನ ಕಂಠೀರವ ಸ್ಟೇಡಿಯಂನಿಂದ ವಾಪಸ್ ಬರುವ ರಾತ್ರಿ ರೈಲಿನಲ್ಲಾಗಲಿ, ಮಾತು ಸುತ್ತಿ ಸುತ್ತಿ ಆ ಫುಟ್‌ಬಾಲ್ ತಂಡದ ಹಿರಿಯ ಆಟಗಾರ ಸುನಿಲ್ ಚೆಟ್ರಿ ಹತ್ತಿರಕ್ಕೇ ಬಂದು ನಿಲ್ಲುತ್ತದೆ. "ನಲವತ್ತು ದಾಟಿದವನನ್ನ ಇನ್ನೂ ಎಷ್ಟು ದಿನ ಆಡಿಸ್ತಾರೆ, ಹುಡುಗರು ಬೆಳೆಯೋದು ಯಾವಾಗ ಗುರು?" ಅನ್ನೋದು ಒಂದು ಪಕ್ಷ. "ಒಂದೇ ಸೀಸನ್‌ನಲ್ಲಿ ಹದಿನಾಲ್ಕು ಗೋಲು ಹೊಡೆದಿದ್ದಾನೆ. ಅಷ್ಟು ಹೊಡೆದ ಇನ್ನೊಬ್ಬ ಇಂಡಿಯನ್ ಯಾರಿದ್ದಾನೆ ತೋರಿಸು" ಅನ್ನೋದು ಇನ್ನೊಂದು. ಇಬ್ಬರ ಮಾತಲ್ಲೂ ಸುಳ್ಳಿಲ್ಲ. ಆದರೆ ಇಬ್ಬರೂ ಖರ್ಚಿನ ಕಡೆ ನೋಡುತ್ತಿಲ್ಲ. ವಯಸ್ಸಾದ ಫಾರ್ವರ್ಡ್ (ಮುಂದಿನ ಸಾಲಿನಲ್ಲಿ ಆಡುವವನು) ಹೊಡೆಯುವ ಗೋಲಿಗೆ ತಂಡದ ಮಿಕ್ಕವರು ಎಷ್ಟು ಓಡಿದರು, ಎಷ್ಟು ಜಾಗ ಬಿಟ್ಟುಕೊಟ್ಟರು ಅನ್ನೋದನ್ನ ಕಳೆದ ಮೇಲೆ ಉಳಿಯೋದೇ ಅವನ ಬೆಲೆ. ಆ ಲೆಕ್ಕ ಹಾಕಿದರೆ ಒಬ್ಬನೇ ಆಟಗಾರ ಒಂದೇ ವರ್ಷ ಕ್ಲಬ್ಬಿಗೆ ಲಾಭ, ದೇಶದ ತಂಡಕ್ಕೆ ನಷ್ಟ ಆಗಿರಬಹುದು. 2025ರಲ್ಲಿ ಚೆಟ್ರಿ ವಿಷಯದಲ್ಲಿ ಹಾಗೇ ಆಯಿತು ಅಂತ ನನ್ನ ಗಟ್ಟಿ ಅಭಿಪ್ರಾಯ.

ಚೆಟ್ರಿ ಹುಟ್ಟಿದ್ದು 1984ರ ಆಗಸ್ಟ್ 3ರಂದು. 2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದರು, ಆಗ 151 ಪಂದ್ಯ, 94 ಗೋಲು. ಆಮೇಲೆ ಶುರುವಾದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೀಸನ್‌ನಲ್ಲಿ ಪ್ಲೇಆಫ್ ಸೇರಿ 14 ಗೋಲು. ಆ ಸಲ ಭಾರತೀಯರಲ್ಲಿ ಅದೇ ಅತಿ ಹೆಚ್ಚು. 2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ 4-2ರಲ್ಲಿ ಗೆದ್ದಾಗ ಹ್ಯಾಟ್ರಿಕ್, ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಿಗೆ ಹ್ಯಾಟ್ರಿಕ್ ಹೊಡೆದವರು ಬೇರೆ ಇರಲಿಲ್ಲ. 2025ರ ಏಪ್ರಿಲ್ 6ರಂದು ಗೋವಾದಲ್ಲಿ ಎಫ್‌ಸಿ ಗೋವಾ ಜೊತೆ ಸೆಮಿಫೈನಲ್ ಎರಡನೇ ಲೆಗ್, ಎರಡೂ ಲೆಗ್‌ನ ಗೋಲು ಕೂಡಿಸಿಯೇ ಗೆಲುವು. ಮೊದಲ ಲೆಗ್‌ನ 2-0 ಮುನ್ನಡೆ ಕರಗಿ ಲೆಕ್ಕ ಸಮವಾಗಿತ್ತು. ಇಂಜುರಿ ಟೈಮಲ್ಲಿ ಚೆಟ್ರಿ ತಲೆಯಿಂದ ಹೊಡೆದ ಗೋಲು (ಹೆಡರ್) ಬೆಂಗಳೂರನ್ನು ಫೈನಲ್‌ಗೆ ತಲುಪಿಸಿತು. ಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ಕ್ಕೆ ಸೋತರು.

ಈ 14 ಅನ್ನೋ ಅಂಕಿಯನ್ನ ಹಾಗೇ ಇಟ್ಟುಕೊಂಡು ವಾದ ಮಾಡಬೇಡಿ, ಬಿಚ್ಚಿ ನೋಡಿ. ಗೋಲನ್ನು ಪಂದ್ಯದಿಂದ ಭಾಗಿಸೋದು ಮೊದಲ ತಪ್ಪು. ವಯಸ್ಸಾದ ಆಟಗಾರ ಒಂದು ಪಂದ್ಯದಲ್ಲಿ 90 ನಿಮಿಷ ಇರುತ್ತಾನೆ, ಮುಂದಿನದರಲ್ಲಿ 20 ನಿಮಿಷ. ಆದ್ದರಿಂದ ಗೋಲನ್ನು ಆಡಿದ ಒಟ್ಟು ನಿಮಿಷದಿಂದ ಭಾಗಿಸಿ 90ರಿಂದ ಗುಣಿಸಬೇಕು. ಉದಾಹರಣೆಗೆ ಯಾವುದೋ ಫಾರ್ವರ್ಡ್ 1,500 ನಿಮಿಷದಲ್ಲಿ 12 ಗೋಲು ಹೊಡೆದ ಅಂದುಕೊಳ್ಳಿ. 90 ನಿಮಿಷಕ್ಕೆ 0.72 ಬಂತು. ಅದರಲ್ಲಿ 3 ಪೆನಾಲ್ಟಿ ಇದ್ದರೆ ತೆಗೆದುಬಿಡಿ, 0.54ಕ್ಕೆ ಇಳಿಯಿತು. ಪೆನಾಲ್ಟಿ ಯಾಕೆ ತೆಗೆಯಬೇಕು ಅಂದರೆ, ಅದನ್ನು ತಂಡದ ಯಾವ ಒಳ್ಳೆ ಕಿಕ್ಕರ್‌ಗೆ ಕೊಟ್ಟರೂ ನಾಲ್ಕರಲ್ಲಿ ಮೂರಕ್ಕಿಂತ ತುಸು ಹೆಚ್ಚು ಒಳಗೆ ಹೋಗೇ ಹೋಗುತ್ತವೆ. ಹಿರಿಯ ಆಟಗಾರ ನಾಲ್ಕಕ್ಕೆ ನಾಲ್ಕೂ ಹೊಡೆದರೆ ಅವನಿಂದ ತಂಡಕ್ಕೆ ಸಿಕ್ಕ ಹೆಚ್ಚುವರಿ ಒಂದೇ ಒಂದು ಗೋಲು. ನಾಲ್ಕನ್ನೂ ಅವನ ಖಾತೆಗೆ ಹಾಕೋದು ಮಿಕ್ಕವರಿಗೆ ಅನ್ಯಾಯ.

ಇನ್ನೂ ಒಂದು ಸಲ ಸೀಳಬೇಕು. ಶುರುವಿನಿಂದ ಆಡಿದ ನಿಮಿಷ ಬೇರೆ, ಬೆಂಚಿನಿಂದ ಬಂದು ಆಡಿದ ನಿಮಿಷ ಬೇರೆ. ಮೇಲಿನ ಉದಾಹರಣೆಯ 9 ಗೋಲಿನಲ್ಲಿ 6 ಬಂದದ್ದು ಶುರುವಿನಿಂದ ಆಡಿದ 1,200 ನಿಮಿಷದಲ್ಲಿ ಅಂದರೆ ದರ 0.45. ಬಾಕಿ 3 ಬಂದದ್ದು ಸಬ್ ಆಗಿ ಆಡಿದ 300 ನಿಮಿಷದಲ್ಲಿ ಅಂದರೆ 0.90. ಇದನ್ನ ನೋಡಿ "ಬೆಂಚಿನಿಂದ ಬಂದಾಗ ಇಷ್ಟು ಹೊಡೆಯೋನು ಪೂರ್ತಿ ಆಡಿದರೆ ಇನ್ನೆಷ್ಟು ಹೊಡೆದಾನು" ಅನ್ನೋರು ಬಹಳ ಜನ. ಲೆಕ್ಕ ಹಾಗೆ ನಡೆಯಲ್ಲ. 70ನೇ ನಿಮಿಷದ ಮೇಲೆ ಡಿಫೆಂಡರ್‌ಗಳ ಕಾಲು ಭಾರವಾಗಿರುತ್ತದೆ, ಗೋಲಿನಲ್ಲಿ ಹಿಂದಿರುವ ತಂಡ ಮುಂದಕ್ಕೆ ನುಗ್ಗಿ ಹಿಂದೆ ಜಾಗ ಬಿಟ್ಟಿರುತ್ತದೆ. ಆ ಹೊತ್ತಿನ ಗೋಲು ಎಲ್ಲ ಸಬ್‌ಗಳಿಗೂ ಅಗ್ಗ. 2024ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ವಿರುದ್ಧ 3-0 ಗೆದ್ದಾಗ ಚೆಟ್ರಿ ಬೆಂಚಿನಿಂದ ಬಂದು ಕೊನೆ ಹೊತ್ತಲ್ಲಿ ಎರಡು ಹೊಡೆದರು, ಅದರಲ್ಲಿ ಒಂದು ಪೆನಾಲ್ಟಿ. ಮುಂಬೈ ಸಿಟಿಗೆ 5-0 ಬಾರಿಸಿದ ನಾಕೌಟ್ ಪಂದ್ಯದಲ್ಲೂ ಒಂದು ಹೊಡೆದರು. ಅವು ಚಂದದ ಗೋಲುಗಳೇ ಇರಬಹುದು, ಆದರೆ ಗೋವಾದಲ್ಲಿ ಹೊಡೆದ ಆ ಒಂದು ಹೆಡರ್ ಜೊತೆ ಒಂದೇ ತಕ್ಕಡಿಯಲ್ಲಿ ಇಡೋಕಾಗಲ್ಲ.

ಆ ಹೆಡರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕಂದರೆ ವಯಸ್ಸು ಯಾವುದನ್ನ ಕಿತ್ತುಕೊಳ್ಳುತ್ತೆ, ಯಾವುದನ್ನ ಬಿಡುತ್ತೆ ಅನ್ನೋದು ಅಲ್ಲೇ ಕಾಣೋದು. ಚೆಟ್ರಿ ಎತ್ತರ ಸುಮಾರು 170 ಸೆಂಟಿಮೀಟರ್. ಅವರನ್ನು ಕಾಯುವ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಸಾಮಾನ್ಯವಾಗಿ ಅದಕ್ಕಿಂತ 15 ಸೆಂಟಿಮೀಟರ್ ಉದ್ದ ಇರುತ್ತಾನೆ. ಆದರೂ ಗಾಳಿಯಲ್ಲಿ ಗೆಲ್ಲೋದು ಹೇಗೆ? ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಹಾಕುವ ಚೆಂಡು) ಬರುವ ಮೊದಲು ಅವರು ನಿಲ್ಲುವ ಜಾಗ ನೋಡಿ. ಡಿಫೆಂಡರ್ ಎದುರಿಗಲ್ಲ, ಅವನ ದೂರದ ಭುಜದ ಹಿಂದೆ. ಅಲ್ಲಿ ನಿಂತರೆ ಡಿಫೆಂಡರ್ ಒಂದೋ ಚೆಂಡು ನೋಡಬೇಕು, ಇಲ್ಲಾ ಮನುಷ್ಯನನ್ನು ನೋಡಬೇಕು, ಎರಡೂ ಒಟ್ಟಿಗೆ ಆಗಲ್ಲ. ವಿಂಗಿನವನು ಚೆಂಡನ್ನು ಒದೆಯಲು ತಲೆ ತಗ್ಗಿಸಿದ ಕ್ಷಣ ಚೆಟ್ರಿ ಎರಡು ಹೆಜ್ಜೆ ಒಂದು ಕಡೆ ಹಾಕುತ್ತಾರೆ. ಡಿಫೆಂಡರ್ ಅದಕ್ಕೆ ಮೈ ಕೊಟ್ಟ ಅಂದರೆ ಮುಗೀತು, ಮೂರನೇ ಹೆಜ್ಜೆ ಇನ್ನೊಂದು ಕಡೆಗೆ. ಹೀಗೆ ನಾಲ್ಕೈದು ಮೀಟರ್ ಓಟ ಸಿಗುತ್ತದೆ. ಓಡಿ ಬಂದು ಒಂದೇ ಕಾಲಿನ ಮೇಲೆ ಎಗರುವವನು, ನಿಂತಲ್ಲೇ ಎರಡು ಕಾಲಿನ ಮೇಲೆ ಎಗರುವ ಉದ್ದದವನಿಗಿಂತ ಎತ್ತರ ಹೋಗುತ್ತಾನೆ. ಅದರ ಮೇಲೆ ಅರೆಕ್ಷಣ ಮುಂಚೆ ಎಗರಿದರೆ ಎದುರಾಳಿ ನೆಲ ಬಿಡುವ ಹೊತ್ತಿಗೆ ಇವರು ಮೇಲಿರುತ್ತಾರೆ. ಹಣೆಯ ನಡುಭಾಗ ತಾಗಬೇಕು, ಕುತ್ತಿಗೆಯಿಂದ ಬಡಿಯಬೇಕು, ಚೆಂಡು ಕೆಳಮುಖವಾಗಿ ಗೆರೆ ಹತ್ತಿರ ಪುಟಿಯಬೇಕು.

ಈ ಇಡೀ ಕೆಲಸದಲ್ಲಿ ಇಪ್ಪತ್ತೆರಡರ ಕಾಲು ಬೇಕಾದದ್ದು ಎಲ್ಲೂ ಇಲ್ಲ. ಬೇಕಿರುವುದು ಐದು ಮೀಟರಿನ ಚುರುಕು ಮತ್ತು ವರ್ಷಗಟ್ಟಲೆ ಕ್ರಾಸ್ ನೋಡಿ ಬಂದ ಅಂದಾಜು. ವಯಸ್ಸು ಮೊದಲು ಕಿತ್ತುಕೊಳ್ಳೋದು ಬೇರೆಯದನ್ನ. ಒಂದು ಸ್ಪ್ರಿಂಟ್ ಹೊಡೆದ ಮೇಲೆ ಅದೇ ವೇಗದಲ್ಲಿ ಇನ್ನೊಂದು ಹೊಡೆಯೋಕೆ ಬೇಕಾಗುವ ವಿರಾಮ ಉದ್ದವಾಗುತ್ತಾ ಹೋಗುತ್ತದೆ. ಮಿಡ್‌ಫೀಲ್ಡಿನಿಂದ ಡಿಫೆನ್ಸ್ ಹಿಂದಕ್ಕೆ ಹಾಕುವ ಉದ್ದ ಚೆಂಡಿಗೆ ಓಡೋದು ಮೊದಲು ನಿಲ್ಲುತ್ತದೆ. ಮೂರು ದಿನಕ್ಕೊಂದು ಪಂದ್ಯ ಬಂದಾಗ ಎರಡನೆಯದರಲ್ಲಿ ತೊಡೆ ಹಿಂಭಾಗದ ಸ್ನಾಯು ಬಿಗಿಯುತ್ತದೆ.

ಅದರ ಜೊತೆಗೇ ಕಷ್ಟ ಆಗೋದು ಪ್ರೆಸ್, ಅಂದರೆ ಚೆಂಡು ಹಿಡಿದ ಎದುರಾಳಿ ಮೇಲೆ ನುಗ್ಗಿ ಒತ್ತಡ ಹಾಕೋದು. ಚೆಂಡು ಎದುರಾಳಿ ಸೆಂಟರ್ ಬ್ಯಾಕ್ ಕಾಲಲ್ಲಿದ್ದಾಗ ನಮ್ಮ ಫಾರ್ವರ್ಡ್ ಏನು ಮಾಡುತ್ತಾನೆ ಅನ್ನೋದು. ಟಿವಿಯಲ್ಲಿ ನೋಡುವವರಿಗೆ ಇದು ಕಾಣೋದೇ ಕಷ್ಟ, ಕ್ಯಾಮೆರಾ ಚೆಂಡಿನ ಹಿಂದೆಯೇ ಇರುತ್ತದೆ. ಗೋಲ್ ಕಿಕ್ ಮತ್ತು ಥ್ರೋ ಹೊತ್ತಲ್ಲಿ ಮಾತ್ರ ಚಿತ್ರ ಅಗಲವಾಗುತ್ತದೆ, ಆಗ ಕಣ್ಣನ್ನ ಚೆಂಡಿನಿಂದ ತೆಗೆದು ಫಾರ್ವರ್ಡ್ ಮೇಲೆ ಇಡಿ. ಕಂಠೀರವಕ್ಕೆ ಹೋಗುವವರಿಗೆ ಇನ್ನೂ ಅನುಕೂಲ. ಅಲ್ಲಿ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಮೈದಾನ ದೂರ. ಮುಂದಿನ ಸಾಲಿಗೆ ಮುಗಿಬೀಳಬೇಡಿ. ಉದ್ದದ ಬದಿಯಲ್ಲಿ, ಎಷ್ಟಾದರೆ ಅಷ್ಟು ಮೇಲೆ ಕೂತರೆ ಹನ್ನೊಂದೂ ಜನರ ನಡುವಿನ ಅಂತರ ಕಾಣುತ್ತದೆ.

ಒಂದು ಹಾಳೆಯಲ್ಲಿ 15 ನಿಮಿಷಕ್ಕೊಂದರಂತೆ ಆರು ಮನೆ ಗೆರೆ ಹೊಡೆಯಿರಿ. ಎದುರಾಳಿ ಸೆಂಟರ್ ಬ್ಯಾಕ್ ಮುಂದಕ್ಕೆ ಮುಖ ಮಾಡಿ ಚೆಂಡು ಹಿಡಿದಾಗೆಲ್ಲ ನೋಡಿ: ಮೂರು ಸೆಕೆಂಡಿನೊಳಗೆ ನಮ್ಮ ಫಾರ್ವರ್ಡ್ ಹೊರಟನಾ? ಹೊರಟರೆ ಸರಿ ಗುರುತು, ಇಲ್ಲದಿದ್ದರೆ ತಪ್ಪು ಗುರುತು. ನೇರ ಓಡಿದನಾ, ಬಾಗಿ ಓಡಿದನಾ ಅನ್ನೋದೂ ಮುಖ್ಯ. ಬಾಗಿ ಓಡಿದರೆ ಒಂದು ಬದಿಯ ಪಾಸ್ ಮುಚ್ಚಿಹೋಗುತ್ತದೆ, ಕಮ್ಮಿ ಓಟದಲ್ಲಿ ಹೆಚ್ಚು ಕೆಲಸ. ಅನುಭವಿಗಳು ಇದರಲ್ಲಿ ಹುಡುಗರಿಗಿಂತ ಜಾಣರು, ಚೆಟ್ರಿಯೂ ಹಾಗೆಯೇ. ಇನ್ನು ಅಂತರ. ಮಧ್ಯದ ವೃತ್ತದ ಅಡ್ಡಗಲ 18.3 ಮೀಟರ್, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಫಾರ್ವರ್ಡ್ ಪ್ರೆಸ್‌ಗೆ ಹೊರಟಾಗ ಅವನಿಗೂ ಹಿಂದಿನ ಮಿಡ್‌ಫೀಲ್ಡರ್‌ಗಳ ಸಾಲಿಗೂ ನಡುವೆ ಆ ವೃತ್ತ ಇಡಿಯಾಗಿ ಕೂರುವಷ್ಟು ಜಾಗ ಇದ್ದರೆ ಆ ಪ್ರೆಸ್ ದಂಡ. ಎದುರಾಳಿ ಮಿಡ್‌ಫೀಲ್ಡರ್ ಅಲ್ಲಿ ಚೆಂಡು ತಗೊಂಡು ಆರಾಮಾಗಿ ತಿರುಗುತ್ತಾನೆ.

ಇಲ್ಲಿ ಕೆಡೋದು ಎರಡು ರೀತಿ. ಹಿರಿಯ ಆಟಗಾರ ಒಬ್ಬನೇ ಹೊರಟು ಹಿಂದಿನವರು ಬರಲಿಲ್ಲ ಅಂದರೆ ಅವನ ಓಟ ವ್ಯರ್ಥ, ಅಷ್ಟೇ. ಹಿಂದಿನವರು ಹೊರಟು ಅವನು ಹೋಗಲಿಲ್ಲ ಅಂದರೆ ನಿಜವಾದ ಅಪಾಯ: ಸೆಂಟರ್ ಬ್ಯಾಕ್‌ಗೆ ತಲೆ ಎತ್ತಿ ನೋಡಲು ಸಮಯ, ಮಿಡ್‌ಫೀಲ್ಡ್ ಹಿಂದೆ ಬಯಲು. ಇದನ್ನ ಕಂಡ ಕೋಚ್ ಇಡೀ ತಂಡವನ್ನೇ ಹತ್ತು ಮೀಟರ್ ಹಿಂದಕ್ಕೆ ಇಳಿಸುತ್ತಾನೆ. ಆಗ ಗೋಲಿನವರೆಗಿನ ದಾರಿ ಉದ್ದ, ಸಿಗುವ ಅವಕಾಶ ಕಮ್ಮಿ. ಆ ಕಮ್ಮಿಯಾದ ಅವಕಾಶ ಯಾರ ಅಂಕಿಅಂಶದಲ್ಲೂ ಬರೆಯಲ್ಲ, ತೊಂದರೆ ಇರೋದೇ ಅಲ್ಲಿ.

ಇದಕ್ಕೆ ದೊಡ್ಡ ಉದಾಹರಣೆ ಕ್ರಿಸ್ಟಿಯಾನೊ ರೊನಾಲ್ಡೊ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ವಾಪಸ್ ಬಂದ ಸೀಸನ್. ಅವರು ಬರುವ ಮೊದಲು, 2020-21ರಲ್ಲಿ, ತಂಡ ಲೀಗ್‌ನಲ್ಲಿ 73 ಗೋಲು ಹೊಡೆದು 74 ಅಂಕದೊಂದಿಗೆ ಎರಡನೇ ಸ್ಥಾನ. ಬಂದ ಮೇಲೆ, 2021-22ರಲ್ಲಿ, 36-37ರ ವಯಸ್ಸಿನ ರೊನಾಲ್ಡೊ ಲೀಗ್‌ನಲ್ಲಿ 18 ಹೊಡೆದರು. ತಂಡದ ಒಟ್ಟು ಗೋಲು 57ಕ್ಕೆ ಇಳಿಯಿತು, ಅಂಕ 58, ಸ್ಥಾನ ಆರು. ಅಷ್ಟೇ 57 ಗೋಲು ಬಿಟ್ಟುಕೊಟ್ಟರು ಕೂಡ. ಎಲ್ಲ ತಪ್ಪನ್ನೂ ರೊನಾಲ್ಡೊ ತಲೆಗೆ ಕಟ್ಟೋದು ಸರಿಯಲ್ಲ, ಆ ಸೀಸನ್ ನಡುವೆ ಕೋಚ್ ಬದಲಾದರು, ಡಿಫೆನ್ಸ್ ಮೊದಲೇ ಸೋರುತ್ತಿತ್ತು. ಆದರೆ "18 ಹೊಡೆದಿದ್ದಾನಲ್ಲ" ಅಂತ ಅಲ್ಲಿಗೇ ಮಾತು ಮುಗಿಸುವವರು ಮಿಕ್ಕವರೆಲ್ಲ ಸೇರಿ ಹೊಡೆದದ್ದು 39 ಮಾತ್ರ ಅನ್ನೋದಕ್ಕೆ ಉತ್ತರ ಕೊಡಬೇಕು.

ಇನ್ನೊಂದು ತುದಿಯಲ್ಲಿ ರೋಜರ್ ಮಿಲ್ಲಾ. 1990ರ ವಿಶ್ವಕಪ್‌ನಲ್ಲಿ 38 ವರ್ಷ. ಕ್ಯಾಮರೂನ್ ಅವರನ್ನು ಪ್ರತಿ ಪಂದ್ಯದಲ್ಲೂ ಬೆಂಚಿನಿಂದಲೇ ಇಳಿಸಿತು. ರೊಮೇನಿಯಾ ವಿರುದ್ಧ ಎರಡು, ಕೊಲಂಬಿಯಾ ವಿರುದ್ಧ ಎರಡು, ತಂಡ ಕ್ವಾರ್ಟರ್ ಫೈನಲ್‌ಗೆ. ಓಡುವ ಕೆಲಸ ಬೇರೆಯವರು ಮೊದಲೇ ಮುಗಿಸಿದ್ದರು, ಮಿಲ್ಲಾಗೆ ಉಳಿದದ್ದು ಸುಸ್ತಾದ ಡಿಫೆಂಡರ್‌ಗಳು. 1994ರಲ್ಲಿ 42ನೇ ವಯಸ್ಸಲ್ಲಿ ರಷ್ಯಾ ವಿರುದ್ಧ ಮತ್ತೆ ಗೋಲು ಹೊಡೆದು ವಿಶ್ವಕಪ್ ದಾಖಲೆ ಮಾಡಿದರು. ಆ ಪಂದ್ಯವನ್ನು ಕ್ಯಾಮರೂನ್ 6-1ಕ್ಕೆ ಸೋತಿತ್ತು. ಅದೇ ಮಿಲ್ಲಾ, ಅದೇ ಬೆಂಚು, ಆದರೆ 1990ರ ಗೋಲುಗಳ ಬೆಲೆಯೇ ಬೇರೆ.

ಮಂಡ್ಯ ಕಡೆಯವರಿಗೆ ಇದನ್ನ ಕಬ್ಬಿನ ಗದ್ದೆಯಲ್ಲಿ ನಿಂತು ಹೇಳಿದರೆ ಬೇಗ ಅರ್ಥವಾಗುತ್ತದೆ. ಕೂಳೆ ಬೆಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ಬಿತ್ತನೆ ಖರ್ಚಿಲ್ಲ, ಉಳುಮೆ ಕಮ್ಮಿ, ನಾಟಿ ಕಬ್ಬಿಗಿಂತ ಬೇಗ ಕಟಾವಿಗೆ ಬರುತ್ತದೆ. ಹಾಗಂತ ಕೂಳೆ ಮೇಲೆ ಕೂಳೆ ಬಿಡುತ್ತಾ ಹೋದರೆ ಸಾಲಿನ ನಡುವೆ ಬುಡ ಸತ್ತು ಖಾಲಿ ಜಾಗ ಬೀಳುತ್ತದೆ, ಇಳುವರಿ ಇಳಿಯುತ್ತದೆ. ಜಾಣ ರೈತ ಕೂಳೆ ಬಿಡೋದೇ ಬೇಡ ಅನ್ನಲ್ಲ. ಖಾಲಿ ಜಾಗ ತುಂಬುತ್ತಾನೆ, ಗೊಬ್ಬರ ಬೇಗ ಕೊಡುತ್ತಾನೆ, ಪಕ್ಕದ ತಾಕಿನಲ್ಲಿ ಹೊಸ ನಾಟಿ ಮಾಡಿಟ್ಟಿರುತ್ತಾನೆ. ಹೊಸ ನಾಟಿ ಇಲ್ಲದೆ ಕೂಳೆಯನ್ನೇ ನೆಚ್ಚಿಕೊಂಡವನಿಗೆ ಮಾತ್ರ ಪೆಟ್ಟು.

ಬೆಂಗಳೂರು ಎಫ್‌ಸಿ ಆ ಸೀಸನ್‌ನಲ್ಲಿ ಮಾಡಿದ್ದು ಜಾಣ ರೈತನ ಕೆಲಸ. ಕೋಚ್ ಜೆರಾರ್ಡ್ ಝರಗೋಝಾ ಬಳಿ ಎಡ್ಗರ್ ಮೆಂಡೆಸ್, ರಯಾನ್ ವಿಲಿಯಮ್ಸ್, ಪೆರೇರಾ ಡಿಯಾಸ್ ಇದ್ದರು. ಓಟ ಅವರದ್ದು, ಬದಿಯಿಂದ ಚೆಂಡು ತರೋದು ಅವರದ್ದು. ಚೆಟ್ರಿಯನ್ನು ಕೆಲವೊಮ್ಮೆ ಶುರುವಿನಿಂದ, ಕೆಲವೊಮ್ಮೆ ಬೆಂಚಿನಿಂದ ಇಳಿಸಿ ಬಾಕ್ಸ್ (ಗೋಲಿನ ಮುಂದಿನ ಪೆನಾಲ್ಟಿ ಜಾಗ) ಒಳಗಿನ ಕೆಲಸ ಕೊಟ್ಟರು. ಇಡೀ ಸೀಸನ್ ದಿನಾ ಒಟ್ಟಿಗೆ ಅಭ್ಯಾಸ ಮಾಡುವುದರಿಂದ ಯಾವ ಕಾಲಿನ ಕ್ರಾಸ್ ಎಲ್ಲಿ ಬೀಳುತ್ತೆ ಅನ್ನೋದು ಅವರಿಗೆ ಬಾಯಿಪಾಠ. ಕ್ಲಬ್ ಲೆಕ್ಕದಲ್ಲಿ ಅವರ ಬೆಲೆ ಖರ್ಚು ಕಳೆದ ಮೇಲೂ ಚೆನ್ನಾಗಿ ಉಳಿಯುತ್ತದೆ ಅಂತ ಧೈರ್ಯವಾಗಿ ಹೇಳಬಹುದು.

ಭಾರತ ತಂಡದ್ದು ಬೇರೆ ಕತೆ. 2025ರ ಮಾರ್ಚ್‌ನಲ್ಲಿ ಕೋಚ್ ಮನೋಲೊ ಮಾರ್ಕೆಸ್ ಚೆಟ್ರಿಯನ್ನು ವಾಪಸ್ ಕರೆಸಿದರು. ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3-0, ಚೆಟ್ರಿಯ 95ನೇ ಗೋಲು ಬಂತು, ಹೆಡರ್ರೇ. ಸಂಭ್ರಮ ಆಯಿತು. ಆರು ದಿನದ ಮೇಲೆ ಅದೇ ಊರಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯ, ಬಾಂಗ್ಲಾದೇಶ ಎದುರು 0-0. ಜೂನ್‌ನಲ್ಲಿ ಹಾಂಗ್‌ಕಾಂಗ್‌ಗೆ 1-0 ಸೋಲು. ಜುಲೈನಲ್ಲಿ ಐಎಸ್‌ಎಲ್‌ನ ಮುಂದಿನ ಸೀಸನ್ ತಡೆಹಿಡಿದರು. ಇಪ್ಪತ್ತೈದರ ಹುಡುಗನಿಗೆ ಪಂದ್ಯವಿಲ್ಲದ ತಿಂಗಳುಗಳಿಂದ ಚೇತರಿಸಿಕೊಳ್ಳೋಕೆ ಎರಡು ವಾರ ಸಾಕಾಗಬಹುದು, ನಲವತ್ತೊಂದಕ್ಕೆ ಸಾಕಾಗಲ್ಲ. ಅಕ್ಟೋಬರ್‌ನಲ್ಲಿ ಸಿಂಗಾಪುರದಲ್ಲಿ 1-1, ಆಮೇಲೆ ಮಡಗಾಂವ್‌ನಲ್ಲಿ ಅದೇ ಸಿಂಗಾಪುರಕ್ಕೆ 1-2 ಸೋಲು. ಅಲ್ಲಿಗೆ 2027ರ ಏಷ್ಯನ್ ಕಪ್ ದಾರಿ ಮುಚ್ಚಿತು.

ಸೋತದ್ದು ಚೆಟ್ರಿಯಿಂದ ಅಂತ ನಾನು ಹೇಳಲ್ಲ, ಅದು ಸುಳ್ಳು. ಆದರೆ ಅವರನ್ನು ಕರೆಸಿದಾಗ ಅವರ ಗೋಲನ್ನು ಮಾತ್ರ ಕರೆಸಿದ ಹಾಗಾಯಿತು, ಆ ಗೋಲು ಹುಟ್ಟಿಸುವ ವ್ಯವಸ್ಥೆ ಬೆಂಗಳೂರಲ್ಲೇ ಉಳಿಯಿತು. ಕೆಲವೇ ದಿನದ ಕ್ಯಾಂಪಿನಲ್ಲಿ ಕ್ರಾಸ್ ಹಾಕುವವನಿಗೂ ಹೆಡರ್ ಹೊಡೆಯುವವನಿಗೂ ಆ ಹೊಂದಾಣಿಕೆ ಬರಲ್ಲ. ಮಾಲ್ಡೀವ್ಸ್ ಪಂದ್ಯವಂತೂ ಸ್ನೇಹಪಂದ್ಯ. ಅಲ್ಲಿ 95ನೇ ಗೋಲಿಗಿಂತ, ಮುಂದೆ ನಾಲ್ಕು ವರ್ಷ ಆ ಜಾಗದಲ್ಲಿ ಆಡಬೇಕಾದ ಹುಡುಗನಿಗೆ ಪೂರ್ತಿ 90 ನಿಮಿಷ ಕೊಡೋದು ಹೆಚ್ಚು ಬೆಲೆಯದ್ದಾಗಿತ್ತು. ಆ ನಿಮಿಷ ಇನ್ನು ವಾಪಸ್ ಸಿಗಲ್ಲ.

"ಹುಡುಗರಿಗೆ ಕೊಡಿ" ಅನ್ನೋ ಪಕ್ಷಕ್ಕೂ ಒಂದು ಮಾತಿದೆ. ಚೆಟ್ರಿಯನ್ನು ಕೂರಿಸಿದ ಮಾತ್ರಕ್ಕೆ ಹೊಸ ಸ್ಟ್ರೈಕರ್ ಹುಟ್ಟಲ್ಲ. ಐಎಸ್‌ಎಲ್‌ನಲ್ಲಿ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರಿಗೆ ಅವಕಾಶ ಇತ್ತು, ಆ ನಾಲ್ಕರಲ್ಲಿ ಒಂದನ್ನು ಹೆಚ್ಚಿನ ಕ್ಲಬ್‌ಗಳು ಒಂಬತ್ತನೇ ನಂಬರಿಗೇ, ಅಂದರೆ ನಡುವಿನ ಸ್ಟ್ರೈಕರ್ ಜಾಗಕ್ಕೇ ಮೀಸಲಿಟ್ಟವು. ಭಾರತೀಯ ಹುಡುಗರು ಬದಿಗೆ ಸರಿದರು. ಕ್ಲಬ್ಬಿನಲ್ಲಿ ವಿಂಗ್ ಆಡುವವನನ್ನು ದೇಶದ ತಂಡದಲ್ಲಿ ನಡುವೆ ನಿಲ್ಲಿಸಿದರೆ ಗೋಲಿಗೆ ಬೆನ್ನು ಹಾಕಿ ಚೆಂಡು ತಡೆಯೋಕೆ ಬರಲ್ಲ, ಭುಜದ ಹಿಂದೆ ನಿಲ್ಲೋಕೆ ಗೊತ್ತಿರಲ್ಲ. ಆದ್ದರಿಂದ ಯಾವುದೇ ಹುಡುಗನ ಹೆಸರು ಹೇಳುವ ಮೊದಲು ಕೇಳಬೇಕಾದ್ದು, ಕ್ಲಬ್ಬಿನಲ್ಲಿ ಅವನು ನಡುವೆ ಎಷ್ಟು ನಿಮಿಷ ಆಡಿದ್ದಾನೆ ಅನ್ನೋದು. ಬದಿಯಲ್ಲಿ ಆಡಿದ ನಿಮಿಷ ಇದಕ್ಕೆ ಲೆಕ್ಕವಿಲ್ಲ.

ಹಾಳೆ ಹಿಡಿದು ಕೂರುವವರು ಸಾಮಾನ್ಯವಾಗಿ ಎಡವೋದು ಒಂದು ಕಡೆ. ಚೆಟ್ರಿಯದ್ದು ಮಾತ್ರ ಎಣಿಸುತ್ತಾರೆ, ಎದುರು ತಂಡದ ಫಾರ್ವರ್ಡ್‌ದು ಎಣಿಸಲ್ಲ. ಹೋಲಿಕೆಗೆ ಇನ್ನೊಬ್ಬನಿಲ್ಲದೆ ಹತ್ತು ತಪ್ಪು ಗುರುತು ಹೆಚ್ಚೋ ಕಮ್ಮಿಯೋ ತಿಳಿಯಲ್ಲ. ಇಬ್ಬರು ಒಟ್ಟಿಗೆ ಹೋದರೆ ಒಬ್ಬೊಬ್ಬರು ಒಬ್ಬೊಬ್ಬ ಫಾರ್ವರ್ಡ್ ಹಂಚಿಕೊಳ್ಳಿ. ಒಂದು ಪಂದ್ಯದ ಹಾಳೆ ನೋಡಿ ತೀರ್ಪು ಬೇಡ, ಕನಿಷ್ಠ ಐದು ಬೇಕು, ಅದರಲ್ಲಿ ಎರಡಾದರೂ ಗಟ್ಟಿ ತಂಡದ ಎದುರಿನವು. ಮೊದಲ ಮೂರು ಮನೆಯಲ್ಲಿ ಸರಿ ಗುರುತು ತುಂಬಿ ಐದನೆಯದರಲ್ಲಿ ತಪ್ಪು ಗುರುತು ಒಮ್ಮೆಲೇ ಏರಿದರೆ ಅವನನ್ನು 60ನೇ ನಿಮಿಷಕ್ಕೆ ತೆಗೆಯಬೇಕಿತ್ತು ಅಂತ ಅರ್ಥ. ಮೊದಲ ಮನೆಯಿಂದಲೇ ಏರಿದ್ದರೆ ಅವನು ಬೆಂಚಿನಲ್ಲಿದ್ದು, ಬದಿಯಲ್ಲಿ ಒಳ್ಳೆ ಕ್ರಾಸ್ ಹಾಕುವ ಇಬ್ಬರು ಇನ್ನೂ ಮೈದಾನದಲ್ಲಿರುವಾಗ ಇಳಿಯಬೇಕು. ಕೋಚ್ ಆ ಇಬ್ಬರನ್ನೇ ಹೊರಗೆ ಕರೆಸಿ ಹಿರಿಯನನ್ನು ಒಳಗೆ ಕಳಿಸಿದರೆ, ಕೊನೆಯ ಇಪ್ಪತ್ತು ನಿಮಿಷ ಅವನು ಬಾಕ್ಸಿನಲ್ಲಿ ಬಾರದ ಚೆಂಡಿಗೆ ಕಾದು ನಿಂತಿರೋದನ್ನ ನೋಡುತ್ತೀರಿ.